ಆಫುವಿಗೊಂದು ಬಿಲ್ಲು

ನಮ್ಮ ದೊಡ್ಡ ಮಗ ಆಫುವಿನ ದೇಹ ಸಿಗಲಿಲ್ಲ. ಹಸಿರುಕಲ್ಲಿನ ಗಣಿಯಲ್ಲಿ ಗುಡ್ಡ ಜಾರಿ ಹದಿನೇಳು ಜನ ಒಳಗೇ ಉಳಿದರು. ಜೊತೆಗಾರನೊಬ್ಬ ಬಿಡಾರದಲ್ಲಿದ್ದ ಅವನ ಅಂಗಿ ತಂದುಕೊಟ್ಟ, ಅಷ್ಟೆ. ದೇಹವಿಲ್ಲದಿದ್ದರೆ ಅದರ ಬದಲು ನಾವು ಗುಂಡಿಯಲ್ಲಿ ಅಡ್ಡಬಿಲ್ಲು ಇಡುತ್ತೇವೆ. ಸತ್ತವರು ಹೋಗುವ ಹಿರಿಯರ ಊರಿನ ದಾರಿ ಕಾಡಿನದು. ಬರಿಗೈಯಲ್ಲಿ ಹೊರಟವನು ತಲುಪುವುದಿಲ್ಲ.

ಬಿಲ್ಲು ಮಾಡುವವನು ನನ್ನ ಹೆಂಡತಿ ಆಮಿಯ ಅಣ್ಣ, ಆಖೆ. ಕಾಡು ಹಿಪ್ಪುನೇರಳೆಯ ಎರಡು ಕೋಲುಗಳನ್ನು ನಮ್ಮ ಮುಂದಿಟ್ಟ.

"ಈ ದಪ್ಪಂದು ಕಾಡುಹಂದಿ ಚರ್ಮ ತೂರುತ್ತೆ. ಆದ್ರೆ ಎಳೆಯೋಕೆ ತೋಳು ಬೇಕು. ಎರಡನೇ ಬಾಣ ಹೂಡೋದ್ರೊಳಗೆ ಹಂದಿ ನಿನ್ನ ಮೇಲಿರುತ್ತೆ. ತೆಳ್ಳಂದು ಬೇಗ ಎಳೀಬಹುದು, ಹಕ್ಕಿಗೆ, ಅಳಿಲಿಗೆ ಸಾಕು. ಹಂದಿಗೆ ಬೆನ್ನು ತುರಿಸಿದಂಗಾಗುತ್ತೆ ಅಷ್ಟೆ. ಹೇಳಯ್ಯ, ನನ್ನ ಅಳಿಯನ ತೋಳು ಎಷ್ಟುದ್ದ?"

ನಾಲ್ಕು ವರ್ಷದ ಹಿಂದೆ ಮನೆ ಬಿಟ್ಟಾಗ ಅವನಿಗೆ ಹದಿನಾರು. ನನ್ನ ಕಣ್ಣಲ್ಲಿ ಇನ್ನೂ ಆ ಸಣಕಲು ತೋಳೇ.

"ತೆಳ್ಳಂದೇ ಇರ್ಲಿ ಭಾವ. ಎಳೆಯೋಕಾಗದ ಬಿಲ್ಲಿಟ್ಕೊಂಡು ಏನ್ಮಾಡ್ತಾನೆ?"

"ನಿನ್ನ ಥರ ಅಂದ್ಕೊಂಡ್ಯಾ ಅವನ್ನ?" ಆಮಿ ಸಿಡುಕಿದಳು. "ಕೋಳಿ ಅಟ್ಟೋಕೂ ನಾಯಿ ಕರೀತೀಯ ನೀನು!"

ಮಡಿಲಿನಿಂದ ಆ ಅಂಗಿ ತೆಗೆದು, ತೋಳನ್ನು ನೆಲದ ಮೇಲೆ ಹಾಸಿದಳು. ನನ್ನ ಕೈಯೆಳೆದು ಪಕ್ಕದಲ್ಲಿಟ್ಟಳು. ಅಂಗಿಯ ತೋಳು ನಾಲ್ಕು ಬೆರಳು ಹೆಚ್ಚಿಗಿತ್ತು. ಭುಜದ ಹೊಲಿಗೆ ಬಿರಿದಿತ್ತು.

"ನೋಡಿದ್ಯಾ," ಎಂದಳು. ಮಗ ಗಂಡಸಾದದ್ದನ್ನು ನಾವಿಬ್ಬರೂ ನೋಡಿದ್ದು ಆಗಲೇ.

ದಪ್ಪನೆಯದನ್ನೇ ಕಟ್ಟಿಸಿದೆವು. ಸೆಣಬಿನ ಹೆದೆ, ಎಳೆದ ಹೆದೆಯನ್ನು ಹಿಡಿದಿಡಲು ಎಲುಬಿನ ಕೀಲು. ಗುಂಡಿಗಿಡುವ ಮುಂಚೆ ತಂದೆಯಾದವನು ಒಮ್ಮೆ ಎಳೆದು ನೋಡಬೇಕು. ಕೂತು, ಕೋಲಿಗೆ ಪಾದ ಕೊಟ್ಟು ಎಳೆದೆ. ಹೆದೆ ಅರ್ಧಕ್ಕೆ ಬಂದು ನಿಂತಿತು. ಆಮಿ ಪಕ್ಕದಲ್ಲಿ ಕೂತು ತಾನೂ ಕೈ ಹಾಕಿದಳು. ಇಬ್ಬರೂ ಹಲ್ಲು ಕಚ್ಚಿ ಎಳೆದೆವು. ಹೆದೆ ಟಕ್ಕನೆ ಕೀಲಿಗೆ ಕೂತಿತು.

"ಸಾಕು, ಇನ್ನು ಸಡಿಲಿಸು," ಎಂದ ಆಖೆ. "ಎಳೆದಿಟ್ಟ ಬಿಲ್ಲಿನ ಕಸುವು ವಾರದಲ್ಲಿ ಸತ್ತುಹೋಗುತ್ತೆ."

"ಗೊತ್ತು ಭಾವ."

"ಗೊತ್ತಿದ್ರೆ ಬಿಡು ಮತ್ತೆ! ಎಂಟು ದಿನ ಕೂತು ಕೆತ್ತಿದೀನಿ ಕಣಯ್ಯ ಅದನ್ನ."

ನಾನು ಕೀಲು ಮುಟ್ಟಲಿಲ್ಲ.

"ಮೊದಲನೇ ಬಾಣಕ್ಕಾದ್ರೂ ಅವನು ಎಳೆಯೋದು ಬೇಡ," ಎಂದೆ. "ಅಷ್ಟು ಮಣ್ಣು ಸರಿಸಿ ಬಂದಿರ್ತಾನೆ. ದಣಿದಿರ್ತಾನೆ."

ಆಖೆ ತನ್ನ ಬತ್ತಳಿಕೆಯಲ್ಲಿ ತುಂಬಾ ಹೊತ್ತು ತಡಕಾಡಿ, ನೆಟ್ಟಗಿದ್ದ ಬಾಣವೊಂದನ್ನು ಆರಿಸಿ, ಹೆದೆಯ ಮುಂದೆ ಇಟ್ಟ.