ಹೂಡಿ ಬಸ್ಸಿನಲ್ಲಿ ಪಟ್ಟದ ಗೊಂಬೆ

ಸತ್ಯವತಿಯವರು ಅರವತ್ತು ದಾಟಿದರೂ ಬಸ್ಸು ಹತ್ತುವಾಗ ಯಾರ ಆಸರೆಯನ್ನೂ ಬೇಡುವವರಲ್ಲ. ಅಂದು ಮಾತ್ರ ಎರಡೂ ಕೈಯಲ್ಲಿ ಬುಟ್ಟಿ ಹಿಡಿದು ಪರದಾಡುತ್ತಿದ್ದರು. ಬುಟ್ಟಿಯಲ್ಲಿ ಅವರ ತಾಯಿ ಕೊಟ್ಟ ಪಟ್ಟದ ಗೊಂಬೆಗಳಿದ್ದವು, ರಾಜ ಮತ್ತು ರಾಣಿ. ಇಲಿ ಕಡಿದಿದ್ದ ರಾಣಿಯ ಮೂಗನ್ನು ವರ್ತೂರಿನಲ್ಲಿ ಸರಿಮಾಡಿಸಿ ಹೂಡಿಯ ಮಗಳ ಮನೆಗೆ ಹೊರಟಿದ್ದರು. ಬಣ್ಣ ಇನ್ನೂ ಹಸಿ. ಮದುವೆಯಾದ ಮೇಲೆ ಮಗಳು ಸುಕೃತಿಗೆ ಇದು ಮೊದಲ ನವರಾತ್ರಿ, ನಾಳೆಯೇ ಶುರು. ತವರಿನ ಈ ಜೋಡಿ ಇಲ್ಲದೆ ಅವಳು ಗೊಂಬೆ ಕೂರಿಸುವುದುಂಟೇ?

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಗಸರ ಸೀಟುಗಳಲ್ಲೇ ನಾಲ್ಕೈದು ಪಡ್ಡೆ ಹುಡುಗರು ಠಿಕಾಣಿ ಹೂಡಿ, ಮೊಬೈಲಿನಲ್ಲಿ ಹಾಡು ಹಾಕಿ, ಮುಂದಿನ ಸೀಟನ್ನೇ ತಮಟೆಯಂತೆ ಬಾರಿಸುತ್ತಿದ್ದರು. ಕೊರಳಲ್ಲಿ ಐಡಿ ಕಾರ್ಡು ತೂಗಿಸಿಕೊಂಡ ಮಹಾಶಯನೊಬ್ಬ ಅವರ ಹೆತ್ತವರನ್ನು ಬೈದ, ಅದೂ ಕಿಟಕಿಯ ಕಡೆ ಮುಖ ಮಾಡಿ. ಕಂಡಕ್ಟರ್ ಗದರಿ ಗದರಿ ಸಾಕಾಗಿ ಹಿಂದಕ್ಕೆ ಹೋದ. ಮಿಕ್ಕವರಿಗೆ ಊರ ಉಸಾಬರಿ ಯಾಕೆ?

ಸತ್ಯವತಿಯವರಿಗೂ ರೇಗಿತ್ತು. ಆದರೆ ಡ್ರೈವರ್ ಜೋರಾಗಿ ಬ್ರೇಕ್ ಹಾಕಿದಾಗ ಸಿಟ್ಟಿಗಿಂತ ಗೊಂಬೆಯ ಚಿಂತೆಯೇ ದೊಡ್ಡದಾಯಿತು. ನಮ್ಮ ಬಸ್ಸುಗಳಲ್ಲೊಂದು ಪದ್ಧತಿಯಿದೆ. ನಿಂತವರು ತಮ್ಮ ಚೀಲವನ್ನು ಕೂತವರ ತೊಡೆಯ ಮೇಲೆ ಇಡುತ್ತಾರೆ, ಗುರುತು ಪರಿಚಯ ಯಾರೂ ಕೇಳುವುದಿಲ್ಲ. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನ ತೊಡೆಯ ಮೇಲೇ ಅವರು ಬುಟ್ಟಿ ಇಟ್ಟರು.

“ಹಿಡ್ಕೊಳ್ಳಪ್ಪ. ಬಣ್ಣ ಹಸಿ ಇದೆ, ಮುಟ್ಬೇಡ.”

ಎದ್ದು ಸೀಟು ಬಿಡಬೇಕೆಂದು ಹೊಳೆಯುವ ಹೊತ್ತಿಗೆ ಪಾಪ, ಅವನು ಏಳುವಂತೆಯೇ ಇರಲಿಲ್ಲ. ಲೋಕೇಶ, ಬಾರಿಸೋ ಎಂದು ಗೆಳೆಯರು ಕರೆದರೂ ಅವನ ಕೈ ಬುಟ್ಟಿ ಬಿಡಲಿಲ್ಲ. ಅಷ್ಟರಲ್ಲಿ ಜನ ನುಗ್ಗಿ ಸತ್ಯವತಿಯವರನ್ನು ಹಿಂದಕ್ಕೆ ತಳ್ಳಿದರು.

ಹೋಪ್ ಫಾರ್ಮ್ ಸ್ಟಾಪಿನಲ್ಲಿ ಹುಡುಗರೆಲ್ಲ ದಬದಬನೆ ಇಳಿದರು. ಬುಟ್ಟಿಯೂ ಇಳಿಯಿತು. ಬಾಗಿಲು ಮುಚ್ಚಿ ಬಸ್ಸು ಹೊರಟೇಬಿಟ್ಟಿತು.

ಬುಟ್ಟಿ, ನನ್ನ ಬುಟ್ಟಿ ಎಂದು ಸತ್ಯವತಿಯವರು ಕೂಗಿಕೊಂಡರು. ಐಡಿ ಕಾರ್ಡಿನವನಿಗೆ ಈಗ ಬಾಯಿ ಬಂತು. ಇದಾಗುತ್ತದೆಂದು ತನಗೆ ಮೊದಲೇ ಗೊತ್ತಿತ್ತು, ಪೊಲೀಸರಿಗೆ ಹೇಳಿ ಎಂದ. ಹುಡುಗ ಕದ್ದನೆಂದು ಸತ್ಯವತಿಯವರಿಗೂ ಒಂದು ಗಳಿಗೆ ಅನಿಸಿತು, ಸುಳ್ಳೇಕೆ? ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸಿದ. ಸತ್ಯವತಿಯವರು ಇಳಿದು ಏದುಸಿರು ಬಿಡುತ್ತಾ ಹಿಂದಕ್ಕೆ ನಡೆದರು.

ಎದುರಿನಿಂದ ಗಲಾಟೆಯೇ ನಡೆದು ಬರುತ್ತಿತ್ತು. ಅದೇ ಹುಡುಗರು ಸಿಳ್ಳೆ ಹೊಡೆದು, ಕೈ ಅಡ್ಡ ಹಿಡಿದು, ಕಾರು ಬೈಕುಗಳನ್ನು ಗದರಿಸಿ ದಾರಿ ಬಿಡಿಸುತ್ತಿದ್ದರು. ನಡುವೆ ಲೋಕೇಶ ತುಂಬಿದ ಕೊಡ ಹಿಡಿದವನಂತೆ ಒಂದೊಂದೇ ಹೆಜ್ಜೆ ಇಡುತ್ತಿದ್ದ. ಸತ್ಯವತಿಯವರಂತೆಯೇ ಹಸಿರು ಸೀರೆ ಉಟ್ಟವರೊಬ್ಬರು ಆ ಸ್ಟಾಪಿನಲ್ಲಿ ಇಳಿದರಂತೆ. ಬುಟ್ಟಿ ಕೊಟ್ಟವರೇ ಎಂದುಕೊಂಡು ಅವರ ಬೆನ್ನಿಗೇ ಇಳಿದನಂತೆ.

ರಾಣಿಯ ಮೂಗು ನೆಟ್ಟಗಿತ್ತು. ಸತ್ಯವತಿಯವರಿಗೆ ಹುಡುಗನ ಮೇಲೆ ಅಕ್ಕರೆ ಉಕ್ಕಿ, ಕದ್ದನೆಂದುಕೊಂಡಿದ್ದಕ್ಕೆ ನಾಚಿಕೆಯೂ ಆಯಿತು. ಅವನು ಮಾತ್ರ ಅವರ ಮೇಲೇ ರೇಗಿದ.

“ಅಲ್ಲಜ್ಜಿ, ಇಂಥದ್ನೆಲ್ಲ ಯಾರ್ ಕೈಗ್ ಬೇಕಾದ್ರೂ ಕೊಟ್ಬಿಡ್ತಾರಾ? ಬಸ್ಸಲ್ಲಿ ಎಂಥೆಂಥಾ ಹುಡುಗ್ರು ಇರ್ತಾರೆ, ನಿಮಗ್ ಗೊತ್ತಿಲ್ಲ.”

ಅಷ್ಟರಲ್ಲಿ ಹೂಡಿಯ ಇನ್ನೊಂದು ಬಸ್ಸು ಬಂತು. ಸತ್ಯವತಿಯವರು ಬುಟ್ಟಿಗೆ ಕೈ ಚಾಚಿದರು. ಲೋಕೇಶ ಕೊಡಲಿಲ್ಲ.

“ನೀವು ಮೊದ್ಲು ಹತ್ತಿ,” ಎಂದು ಅವರ ಹಿಂದೆಯೇ ಹತ್ತಿದ.