ಬೆಳಕಿನ ಹಾಡಿನ ಭಾನುವಾರ

ಮೌನೇಶಪ್ಪ ಬಡಿಗೇರ ಅಂದು ಬೆಳಿಗ್ಗೆ ಅಂಗಡಿಯಲ್ಲಿ ಬಿದ್ದಿದ್ದ ಕಟ್ಟಿಗೆ ಹೊಟ್ಟನ್ನು ಗುಡಿಸುತ್ತಿದ್ದ. ಅರ್ಧ ಗುಡಿಸುವಷ್ಟರಲ್ಲಿ ಶಾಲೆಯ ಸಂಗೀತ ಮಾಸ್ತರು ಎಬಿನೇಜರ್ ಸರ್ ಬಾಗಿಲಿಗೆ ಬಂದರು. ಹೊಟ್ಟೆ ಒಡೆದ ಪುಟ್ಟ ವಾದ್ಯವೊಂದನ್ನು ಅವನ ಮುಂದೆ ಹಿಡಿದು, "ಇದರಂಥಾದ್ದ ಇನ್ನೊಂದು ಮಾಡಿಕೊಡಪಾ" ಅಂದರು.

ಮೌನೇಶಪ್ಪ ಕಸಬರಿಗೆಯನ್ನು ಗೋಡೆಗೆ ಒರಗಿಸಿದ. "ಇದೇನ್ರಿ ಸರ, ಗಿಟಾರಿನ ಮರಿಯೇನು?"

"ಮರಿ ಅಲ್ಲೋ. ಇದು ಬೆಳದರೂ ಇಷ್ಟ. ಯುಕುಲೆಲೆ ಅಂತಾರ."

ಕಸ ಸಂಜೆಯವರೆಗೂ ಹಾಗೆಯೇ ಬಿದ್ದಿತ್ತು. ಹುಬ್ಬಳ್ಳಿಯ ಆ ಸಣ್ಣ ಅಂಗಡಿಯಲ್ಲಿ, ಹಳೆಯ ಬಾಗಿಲೊಂದರ ತೇಗದ ಹಲಗೆಯಿಂದ ನಾನು ಹುಟ್ಟಿದೆ. ನಾನು ಒಂದು ಯುಕುಲೆಲೆ. ನನಗೆ ನಾಲ್ಕು ತಂತಿ, ಅವನ್ನು ಬಿಗಿಯಲು ನಾಲ್ಕು ಬಿರಡೆ, ಹೊಟ್ಟೆಯ ನಡುವೆ ಒಂದು ದುಂಡನೆಯ ಬಾಯಿ. ನನ್ನ ಮೊದಲ ನೆನಪೇ ಹೆದರಿಕೆಯದು. ಪಕ್ಕೆಗಳನ್ನು ಬಾಗಿಸಲು ಮೌನೇಶಪ್ಪ ನನ್ನನ್ನು ಕುದಿಯುವ ನೀರಿನ ಹಬೆಯ ಮೇಲೆ ಹಿಡಿದಿದ್ದ. ಇನ್ನೊಂದು ಕೂದಲೆಳೆಯಷ್ಟು ಬಾಗಿಸಿದರೆ ಮುರಿದೇ ಹೋಗುತ್ತೇನೆ ಅನ್ನಿಸಿತ್ತು. ಅವನು ಅಲ್ಲಿಗೇ ನಿಲ್ಲಿಸಿದ. ಎಲ್ಲಿ ನಿಲ್ಲಿಸಬೇಕೆಂದು ತಿಳಿದ ಕೈ ಅದು.

ಎಬಿನೇಜರ್ ಸರ್ ಹತ್ತಿರ ನಾನು ಹದಿನಾರು ವರ್ಷ ಇದ್ದೆ. ಶಾಲೆಯ ಮಕ್ಕಳ ಚಿತ್ರಾನ್ನದ ಎಣ್ಣೆ ಮೆತ್ತಿದ ಬೆರಳುಗಳು, ಶಾಯಿಯ ಬೆರಳುಗಳು, ಉಗುರು ಕಚ್ಚಿದ ಬೆರಳುಗಳು, ಎಲ್ಲವೂ ನನ್ನ ಮೇಲೆ ಓಡಾಡಿದವು. ನಿವೃತ್ತರಾದ ಮೇಲೆ ಸರ್ ಸುಮ್ಮನೆ ಕೂಡಲಿಲ್ಲ. ವಾಚನಾಲಯದ ಮಹಡಿಯ ಮೇಲೆ ಯುಕುಲೆಲೆ ನುಡಿಸುವ ಭಾನುವಾರದ ಬಳಗವೊಂದನ್ನು ಕಟ್ಟಿದರು. ಎಂಟು ಜನ. ಯಾರೂ ಸಂಗೀತ ಕಲಿತವರಲ್ಲ. ನಿವೃತ್ತ ಪೋಸ್ಟ್‌ಮನ್ ಬಸಲಿಂಗಪ್ಪ ಇದ್ದರು, ಆಸ್ಪತ್ರೆಯ ನರ್ಸ್ ಹಸೀನಾ ಇದ್ದಳು. ಕೆಳಗಡೆ ಪೇಪರು ಓದುವವರು ಇವರನ್ನು "ಸೊಳ್ಳೆ ಬ್ಯಾಂಡು" ಎಂದು ಕರೆಯುತ್ತಿದ್ದರು. ಬಸಲಿಂಗಪ್ಪ ಮಾತ್ರ, "ಕಡೀದಿದ್ದರ ಸಾಕು ಬಿಡ್ರಿ" ಎಂದು ನಗುತ್ತಿದ್ದರು.

ಕಸ್ತೂರಿ ಬಂದದ್ದು ಹೀಗೆ: ಮಗಳ ಪುಸ್ತಕ ತಿರುಗಿ ಕೊಡಲು ಬಂದವಳು, ಮೆಟ್ಟಿಲ ಮೇಲೆ ನಿಂತು ಹಾಡು ಕೇಳಿದಳು, ಮುಂದಿನ ವಾರ ಮತ್ತೆ ಬಂದಳು, ಅದರ ಮುಂದಿನ ವಾರ ಸರ್ ನನ್ನನ್ನೇ ಅವಳ ತೊಡೆಯ ಮೇಲೆ ಇಟ್ಟರು. "ಇಟ್ಟುಕೋವಾ, ನನ್ನ ಕಡೆ ಇನ್ನೊಂದೈತಿ."

ಅವಳ ಮನೆಯಲ್ಲಿ ನಾನು ಅಡುಗೆಮನೆಯ ಗೂಟಕ್ಕೆ ನೇತಾಡುತ್ತಿದ್ದೆ. ಅನ್ನಕ್ಕಿಟ್ಟು ಕುಕ್ಕರು ಕೂಗುವ ತನಕ ಒಂದು ಹಾಡು, ಬಟ್ಟೆ ನೆನೆಯುವ ತನಕ ಇನ್ನೊಂದು. ಗಂಡ ದೂರದ ಊರಿನ ಬಸ್ಸು ಓಡಿಸುವವನು, ವಾರಕ್ಕೆ ಎರಡು ದಿನ ಮನೆಯಲ್ಲಿರುತ್ತಿದ್ದ. ಉಳಿದ ದಿನ ಅವ್ವ, ಮಗಳು, ನಾನು. ಮಗಳ ಹೆಸರು ಮುಕ್ತಾ. ಒಂಬತ್ತು ವರ್ಷ.

ಕಸ್ತೂರಿಯ ಬೆರಳುಗಳಲ್ಲಿ ಏನೋ ಬದಲಾಗಿದೆ ಎಂದು ಮೊದಲು ತಿಳಿದದ್ದು ನನಗೆ. ತಂತಿಯನ್ನು ಒತ್ತುವ ಮೊದಲು ಅವಳ ಬೆರಳು ಒಂದು ಕ್ಷಣ ತಡಕಾಡುತ್ತಿತ್ತು. ಎಣ್ಣೆಯ ಡಬ್ಬಿಯನ್ನೂ ಉಪ್ಪಿನ ಭರಣಿಯನ್ನೂ ಅವಳು ಹಾಗೆಯೇ ತಡವಿ ಹುಡುಕತೊಡಗಿದಳು. ಒಂದು ಸಂಜೆ ನನ್ನನ್ನು ಮಂಚದ ಮೇಲೆ ಇಡಲು ಹೋದಳು. ಮಂಚ ಅಲ್ಲೇ ಇತ್ತು. ಅವಳು ನನ್ನನ್ನು ಇಟ್ಟದ್ದು ಅದರ ಪಕ್ಕದ ಗಾಳಿಯಲ್ಲಿ. ನೆಲಕ್ಕೆ ಬಿದ್ದು ನನ್ನ ಹೊಟ್ಟೆ ಉದ್ದಕ್ಕೂ ಸೀಳಿತು. ಬಿದ್ದ ನೋವಿಗಿಂತ ಅವಳ ಮುಖ ನನ್ನನ್ನು ಹೆಚ್ಚು ಹೆದರಿಸಿತು. ನನ್ನನ್ನು ಎತ್ತಿಕೊಂಡು, ಬಾಗಿಲ ಕಡೆ ಕಿವಿಗೊಟ್ಟು, ಮುಕ್ತಾ ಬಂದಳೇನೋ ಎಂದು ಆಲಿಸುತ್ತ ಕುಳಿತಿದ್ದಳು.

ಮರುವಾರ ಒಬ್ಬಳೇ ಕಣ್ಣಿನ ಆಸ್ಪತ್ರೆಗೆ ಹೋಗಿ ಬಂದಳು. ಅಲ್ಲಿ ಕೊಟ್ಟ ಕಾಗದವನ್ನು ಮಡಚಿ ನನ್ನ ಚೀಲದ ಒಳಜೇಬಿಗೆ ತುರುಕಿದಳು. ಸಕ್ಕರೆ ಕಾಯಿಲೆ ಕಣ್ಣಿನ ಒಳಪರದೆಗೆ ಇಳಿದಿದೆಯಂತೆ. ಹೋದ ನೋಟ ಹೋಯಿತು, ಉಳಿದದ್ದನ್ನು ಉಳಿಸಿಕೊಳ್ಳಬಹುದು, ತಡ ಮಾಡಬೇಡಿ, ಮುಂದಿನ ಸಲ ಜೊತೆಗೆ ಯಾರನ್ನಾದರೂ ಕರೆದುಕೊಂಡು ಬನ್ನಿ ಎಂದಿದ್ದರಂತೆ. ಇದನ್ನೆಲ್ಲ ಅವಳು ಪಾತ್ರೆ ತೊಳೆಯುತ್ತ ತನಗೆ ತಾನೇ ಹೇಳಿಕೊಂಡಳು, ನಲ್ಲಿಯ ಸದ್ದಿನಲ್ಲಿ. ಗೂಟದ ಮೇಲಿದ್ದ ನಾನು ಕೇಳಿಸಿಕೊಂಡೆ. ಗಂಡನಿಗೆ ಹೇಳಿದರೆ ಅವನು ಸ್ಟೇರಿಂಗ್ ಹಿಡಿದು ಅದನ್ನೇ ಯೋಚಿಸುತ್ತಾನೆ, ಅವನ ಹಿಂದೆ ಐವತ್ತು ಜನ ಕುಳಿತಿರುತ್ತಾರೆ. ಮಗಳಿಗೆ ಹೇಳುವುದಂತೂ ಸಾಧ್ಯವೇ ಇಲ್ಲ. ಪರೀಕ್ಷೆ ಮುಗಿಯಲಿ, ಹಬ್ಬ ಕಳೆಯಲಿ. ಹೀಗೆ ಎರಡು ತಿಂಗಳಾಯಿತು.

ಆದರೆ ಮುಕ್ತಾಳಿಗೆ ತಿಳಿಯದೆ ಇದ್ದೀತೇ? ಶಾಲೆಗೆ ಹೊರಡುವ ಮೊದಲು ಅವಳು ಅವ್ವ ನಡೆಯುವ ದಾರಿಯಿಂದ ಸ್ಟೂಲನ್ನು ಸದ್ದಿಲ್ಲದೆ ಸರಿಸುತ್ತಿದ್ದಳು. ಕುದಿಯುವ ಚಹಾದ ಪಾತ್ರೆಯ ಬಳಿ ಇಕ್ಕಳವನ್ನು ಹಿಡಿಕೆ ಅವ್ವನ ಕಡೆಗೆ ಬರುವಂತೆ ಇಡುತ್ತಿದ್ದಳು. ಎಷ್ಟೋ ಸಲ "ಅವ್ವಾ" ಎಂದು ಕರೆದು, ಕಸ್ತೂರಿ ತಿರುಗಿದ ಮೇಲೆ, "ಏನಿಲ್ಲ, ಸುಮ್ಮನ" ಎನ್ನುತ್ತಿದ್ದಳು. ಮಕ್ಕಳ ಲೆಕ್ಕವೇ ಬೇರೆ. ಕೇಳಿದರೆ ಅದು ನಿಜವಾಗಿಬಿಡುತ್ತದೆ, ಕೇಳದಿದ್ದರೆ ಇನ್ನೂ ಆಗಿಲ್ಲ. ಆ ಮಾತು ಅವಳ ಗಂಟಲಿನವರೆಗೆ ಬಂದು ತಿರುಗಿ ಹೋಗುವುದನ್ನು ನಾನು ದಿನವೂ ನೋಡುತ್ತಿದ್ದೆ. ನನ್ನ ಹೊಟ್ಟೆ ಖಾಲಿ ಇರುವುದರಿಂದಲೇ ಅಲ್ಲಿ ನಾದ ಹುಟ್ಟುತ್ತದೆ. ಆ ಮನೆಯಲ್ಲಿ ಇಬ್ಬರ ಹೊಟ್ಟೆಯೂ ಆಡದ ಮಾತಿನಿಂದ ತುಂಬಿತ್ತು.

ಈಗ ನನಗೆ ವಯಸ್ಸಾಗಿದೆ. ಬಿರಡೆಗಳು ನಿಲ್ಲುವುದಿಲ್ಲ, ಸೀಳಿಗೆ ಹಚ್ಚಿದ ಅಂಟು ಹಳದಿಗಟ್ಟಿದೆ. ಹೆಚ್ಚಿನ ಹೊತ್ತು ಕಪಾಟಿನ ಮೇಲೆ ಮಲಗಿರುತ್ತೇನೆ. ನಾನು ನುಡಿದ ಹಾಡುಗಳು ಒಂದರೊಳಗೊಂದು ಕಲಸಿಹೋಗಿವೆ. ಒಂದು ಭಾನುವಾರ ಮಾತ್ರ ಇನ್ನೂ ಬೇರೆಯಾಗಿ ನಿಂತಿದೆ.

ಬಳಗದಲ್ಲಿ ಒಂದು ಪದ್ಧತಿ ಇತ್ತು. ತಿಂಗಳಿಗೊಂದು ವಿಷಯ. ಎಲ್ಲರೂ ಅದರ ಮೇಲೆ ತಾವೇ ಒಂದು ಸಣ್ಣ ಹಾಡು ಕಟ್ಟಿ, ಹಾಳೆಯ ಮೇಲೆ ಪದಗಳನ್ನೂ ಅವುಗಳ ತಲೆಯ ಮೇಲೆ ಹಿಡಿಯಬೇಕಾದ ಸ್ವರಗಳನ್ನೂ ಬರೆದು ತರಬೇಕು. ಆದರೆ ಯಾರೂ ತಮ್ಮ ಹಾಡನ್ನು ತಾವು ಹಾಡುವಂತಿಲ್ಲ. ಹಾಳೆಯನ್ನು ಬಲಗಡೆಯವರಿಗೆ ಕೊಡಬೇಕು, ಅವರು ಹಾಡಬೇಕು. "ತಾ ಮಾಡಿದ ಅಡಗಿ ತಾನ ಉಂಡರ ಏನ್ ಬಂತು?" ಎನ್ನುತ್ತಿದ್ದರು ಎಬಿನೇಜರ್ ಸರ್.

ಆ ತಿಂಗಳ ವಿಷಯ ಬೆಳಕು. ಕಸ್ತೂರಿಯ ಎಡಕ್ಕೆ ಯಾವಾಗಲೂ ಬಸಲಿಂಗಪ್ಪ ಕೂಡುತ್ತಿದ್ದರು. ಅವರು ಎಂದಿನಂತೆ ತಮ್ಮ ಹಾಡನ್ನು ಬುಧವಾರವೇ ಕಸ್ತೂರಿಯ ಫೋನಿಗೆ ಕಳಿಸಿದ್ದರು. ಟಪಾಲು ಹಂಚುತ್ತಿದ್ದ ಕಾಲದ ಸೈಕಲ್ಲಿನ ಡೈನಮೋ ದೀಪದ ಮೇಲಿನ ಹಾಡು ಅದು.

"ನಿನ್ನ ಓದು ಚಲೋ ಆಗತೈತಿ, ಜೋರಾಗಿ ಓದು ನೋಡೋಣು" ಎಂದು ಕಸ್ತೂರಿ ಮಗಳ ಕೈಗೆ ಫೋನು ಕೊಟ್ಟಳು. ಮುಕ್ತಾ ಓದಿದಳು:

ನಾ ತುಳಿದರೆ ನೀ ಉರಿಯುವೆ,
ನಾ ನಿಂತರೆ ನೀ ಆರುವೆ,
ಊರು ದೂರ ಇದೆ ದೀಪವೇ,
ನಿಲ್ಲಲಾರೆನು ನಾನು.

"ಇನ್ನೊಮ್ಮೆ" ಅಂದಳು ಕಸ್ತೂರಿ. ಹನ್ನೊಂದು ಸಲ ಓದಿಸಿದಳು. ಕಣ್ಣು ಮಂಜಾದ ಮೇಲೆ ಪ್ರತಿ ತಿಂಗಳೂ ಹೀಗೆಯೇ ನಡೆಯುತ್ತಿತ್ತು. ಹಾಡು ಬಾಯಿಗೆ ಬಂದಿರುತ್ತಿತ್ತು, ಭಾನುವಾರ ಹಾಳೆಯನ್ನು ಮುಂದೆ ಹಿಡಿದುಕೊಳ್ಳುವುದಷ್ಟೇ ಉಳಿದಿರುತ್ತಿತ್ತು.

ಅಂದು ಮುಕ್ತಾಳೂ ಅವ್ವನ ಜೊತೆ ಬಂದು ಹಿಂದೆ ಚಾಪೆಯ ಮೇಲೆ ಕುಳಿತಿದ್ದಳು. ಹಸೀನಾ ಮೊದಲು ಹಾಡಿದಳು, ಆಮೇಲೆ ಬಸಲಿಂಗಪ್ಪ. ಅವರು ತಮ್ಮ ಹಾಳೆಯನ್ನು ಬಲಕ್ಕೆ ಚಾಚಿದರು. ಕಸ್ತೂರಿ ಅದನ್ನು ಮುಂದಿಟ್ಟುಕೊಂಡು, ಅದರ ಮೇಲೆ ಕಣ್ಣಾಡಿಸಿದಂತೆ ಮಾಡಿ, ನನ್ನ ತಂತಿಗಳನ್ನು ಮೀಟಿದಳು. ಸೈಕಲ್ಲಿನ ಹಾಡನ್ನು ಅಷ್ಟು ಚೆಂದವಾಗಿ ಯಾರೂ ಹಾಡಲಾರರು. ಎರಡನೆಯ ಸಾಲಿಗೆ ಬಸಲಿಂಗಪ್ಪ ಹುಬ್ಬು ಏರಿಸಿದರು. ಮೂರನೆಯ ಸಾಲಿಗೆ ಹಸೀನಾ ಬಗ್ಗಿ ಹಾಳೆಯನ್ನು ನೋಡಿದಳು. ಹಾಡು ಮುಗಿಯುತ್ತಲೇ ನಗು ಎದ್ದಿತು.

"ಏನವಾ ಕಸ್ತೂರಿ," ಅಂದರು ಬಸಲಿಂಗಪ್ಪ, "ಸೈಕಲ್ ಬ್ಯಾಡ ಅನಿಸಿ, ನಿನ್ನೆ ಕುಂತು ನಮ್ಮವ್ವನ ಒಲಿ ಬೆಳಕಿನ ಮ್ಯಾಲೆ ಹೊಸಾ ಹಾಡು ಬರಕೊಂಡ ಬಂದೀನಿ. ನೀ ಅದನ್ನ ಮುಂದ ಇಟಗೊಂಡು ಹಳೇದ ಹಾಡೀದಿ. ನನ್ನ ಒಲಿ ಅಷ್ಟ ಹೊಗಿ ಹಾಕತೈತೇನು?"

ಕಸ್ತೂರಿಯೂ ನಕ್ಕಳು. "ಸೈಕಲ್ ಹಾಡ ಚಲೋ ಇತ್ತು ಕಾಕಾ. ಬಿಡಾಕ ಮನಸ್ಸ ಬರಲಿಲ್ಲ."

"ಹಂಗಾರ ಇದನ್ನೂ ಹಾಡಿಬಿಡ್ರಿ ಅಕ್ಕಾ," ಅಂದಳು ಹಸೀನಾ, "ನಾಕ ಸಾಲು ಅದಾವು."

ಎಲ್ಲರೂ ಕಾದರು. ಕಿಟಕಿಯಿಂದ ಬೆಳಗಿನ ಬಿಸಿಲು ನೇರ ಆ ಹಾಳೆಯ ಮೇಲೆ ಬಿದ್ದಿತ್ತು. ಅಷ್ಟು ಬೆಳಕಿನಲ್ಲಿ ಕಾಣುವುದಿಲ್ಲ ಎಂದು ಹೇಳಲು ಯಾವ ನೆಪವೂ ಇರಲಿಲ್ಲ. ಕಸ್ತೂರಿ ಹಾಳೆಯನ್ನು ಕಣ್ಣಿಗೆ ಹತ್ತಿರ ತಂದಳು, ದೂರ ಹಿಡಿದಳು. ನನ್ನನ್ನು ಎದೆಗೆ ಒತ್ತಿಕೊಂಡಳು. ಅವಳ ಎದೆ ಹೊಡೆದುಕೊಳ್ಳುವುದು ನನ್ನ ಸೀಳಿನಲ್ಲಿ ಸಣ್ಣಗೆ ನಡುಗಿತು. ಮೌನೇಶಪ್ಪನಂಥವನು ಯಾರಾದರೂ ಈಗ ನಿಲ್ಲಿಸಬಾರದೇ, ಇಲ್ಲದಿದ್ದರೆ ಇವಳು ಮುರಿದು ಹೋಗುತ್ತಾಳೆ ಎಂದುಕೊಂಡೆ.

ನಗದೆ ಇದ್ದವಳು ಮುಕ್ತಾ ಒಬ್ಬಳೇ. ಅವಳು ಚಾಪೆಯಿಂದ ಎದ್ದು ಬಂದು ಅವ್ವನ ಹೆಗಲಿಗೆ ಬಾಗಿದಳು. ಆ ನಾಲ್ಕು ಸಾಲುಗಳನ್ನು ಕಿವಿಯಲ್ಲಿ ಪಿಸುಗುಟ್ಟಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ, ಇನ್ನೊಂದು ತಿಂಗಳು ದಾಟುತ್ತಿತ್ತು. ಅದಕ್ಕಾಗಿಯೇ ಬಾಯಿ ತೆರೆದಳು. ಮೊದಲ ಪದ ತುಟಿಯವರೆಗೆ ಬಂದಿತ್ತು. ಅಷ್ಟರಲ್ಲಿ ಕಸ್ತೂರಿ ಮಗಳ ಕಡೆ ತಿರುಗಿ ನಕ್ಕಳು. ಆ ನಗು ಮುಕ್ತಾಳ ಮುಖವನ್ನು ತಪ್ಪಿಸಿ ಕಿವಿಯ ಪಕ್ಕಕ್ಕೆ ಹೋಯಿತು.

ಮುಕ್ತಾ ಹಾಳೆಯನ್ನು ಅವ್ವನ ಕೈಯಿಂದ ತೆಗೆದು ಕೆಳಗಿಟ್ಟಳು. ಎದುರಿಗೆ ಬಂದು ಮೊಣಕಾಲೂರಿ, ನನ್ನ ಮೇಲೆ ಎರಡೂ ಕೈ ಇಟ್ಟು, ಅಲ್ಲಿದ್ದ ಎಲ್ಲರಿಗೂ ಕೇಳುವಂತೆ ಕೇಳಿದಳು:

"ಅವ್ವಾ, ನನ್ನ ಮಾರಿ ನಿನಗ ಕಾಣತೈತೇನು?"