ಒಂದನೇ ಪ್ರಜೆ ಯಾರು?

ಅಮೆರಿಕದ ಸಂಸತ್ ಭವನದ ನೆಲಮಾಳಿಗೆಯ ಕಿಟಕಿಯಿಲ್ಲದ ಕೋಣೆಯಲ್ಲಿ ವರ್ನಾ ಹ್ಯಾಲರನ್ ಆ ವರದಿಯನ್ನು ಮತ್ತೆ ಓದಿದಳು. ಗುಪ್ತಚರರು ಕದ್ದು ಕೇಳಿದ್ದು ಪರದೇಶದ ರಾಯಭಾರ ಕಚೇರಿಯ ಅಧಿಕಾರಿಯ ಫೋನನ್ನು. ತನ್ನೊಂದಿಗೆ ಊಟ ಮಾಡಿದ ಅಮೆರಿಕದವನೊಬ್ಬ ಆಡಿದ್ದನ್ನೆಲ್ಲ ಆ ಅಧಿಕಾರಿ ತನ್ನ ಮೇಲಿನವರಿಗೆ ಒಪ್ಪಿಸಿದ್ದ. ಸ್ವದೇಶದವರ ಹೆಸರನ್ನು ಇಂಥ ವರದಿಯಲ್ಲಿ ಮರೆಮಾಚಬೇಕು. ಹಾಗಾಗಿ ‘ಒಂದನೇ ಪ್ರಜೆ’ ಎಂದಷ್ಟೇ ಇತ್ತು. ಹಿಂದಿನ ಸರ್ಕಾರದ ಯಾರೋ ದೊಡ್ಡವರು ಆ ಮುಸುಕು ತೆಗೆಸಿ ಹೆಸರು ನೋಡಿದ್ದರು. ನೋಡಿದ್ದು ದೇಶದ ಕಾವಲಿಗೋ ರಾಜಕೀಯದ ಹಗೆಗೋ ಎಂದು ಎರಡೂ ಪಕ್ಷಗಳು ಕಿತ್ತಾಡುತ್ತಿದ್ದವು. ತನಿಖಾ ಸಮಿತಿಯ ವಕೀಲೆ ವರ್ನಾಳಿಗೆ ಸಿಕ್ಕಿದ್ದು ಮಾತ್ರ ಮುಸುಕು ಹೊದ್ದ ಪ್ರತಿ.

ಸಂಸದ ಬ್ಯಾಕ್ಸ್‌ಲಿ ಗೋಧಿ ಮಸೂದೆಗೆ ಕೈಕೊಡಲಿದ್ದಾರೆಂದು ಒಂದನೇ ಪ್ರಜೆ ಹೇಳಿದ್ದ. ತನ್ನ ಅತ್ತೆ ಆಲೂಗಡ್ಡೆ ಸಲಾಡಿಗೆ ಒಣದ್ರಾಕ್ಷಿ ಸುರಿಯುತ್ತಾರೆ, ಬಾಯಿಗಿಡಲಾಗದು ಎಂದೂ ಹೇಳಿದ್ದ.

ವರ್ನಾಳ ಅಮ್ಮನೂ ಹಾಗೇ ಸುರಿಯುತ್ತಿದ್ದರು. ಗಂಡ ಡ್ವೈಟ್‌ಗೆ ಗೋಧಿ ರಫ್ತುದಾರರ ಸಂಘದಲ್ಲಿ ಕೆಲಸ; ಪರದೇಶದ ಅಧಿಕಾರಿಗಳನ್ನು ಊಟಕ್ಕೆ ಕರೆಯುವುದೇ ಅವನ ಉದ್ಯೋಗ. ಬ್ಯಾಕ್ಸ್‌ಲಿಯ ಮನಸ್ಸು ಬದಲಾದದ್ದನ್ನು ಸಂಸತ್ತಿನಲ್ಲಿ ಕೇಳಿ ಬಂದು ವರ್ನಾಳೇ ಆಗ ಮನೆಯಲ್ಲಿ ಬಾಯಿಬಿಟ್ಟಿದ್ದಳು. ಆದರೆ ದ್ರಾಕ್ಷಿ ಹಾಕುವ ಅತ್ತೆಯರು ಈ ದೇಶದಲ್ಲಿ ಎಷ್ಟಿಲ್ಲ?

ಸಂಜೆ ಡ್ವೈಟ್ ಕೇಳಿದ: “ಏನೇ, ಕೊಲೆ ಮಾಡಿ ಬಂದೋನ ನೋಡ್ದಂಗೆ ನೋಡ್ತಿದೀಯ?”

“ಹೊರಗೆ ಊಟಕ್ಕೆ ಹೋದಾಗ ಮನೆ ವಿಷ್ಯ ಮಾತಾಡ್ತೀಯಾ?”

“ಬರೀ ಗೋಧಿ ಮಾತಾಡಿದ್ರೆ ಎದುರಿಗಿರೋನು ಗೊರಕೆ ಹೊಡೀತಾನೆ. ಯಾಕೆ?”

“ಸುಮ್ನೆ ಕೇಳ್ದೆ.” ಅಷ್ಟು ಕೇಳಿದ್ದೇ ಹೆಚ್ಚಾಯಿತೇನೋ ಎಂದು ಅವಳಿಗೆ ದಿಗಿಲಾಯಿತು.

ಮರುದಿನ ಹಿರಿಯ ವಕೀಲ ಪಿಂಕಮ್ ಬಳಿ ಹೋದಳು. “ಸರ್, ಈ ತನಿಖೆಯಿಂದ ನನ್ನ ಬಿಟ್ಬಿಡಿ.”

“ಅವನು ಯಾರು ಅಂತ ಗೊತ್ತಾಯ್ತೇನಮ್ಮ?”

“ಇಲ್ಲ. ಅನುಮಾನ ಅಷ್ಟೆ. ಅವನು...”

“ಹೆಸರು ಎತ್ತಬೇಡ!” ಪಿಂಕಮ್ ಎರಡೂ ಕೈ ಮುಂದೆ ಚಾಚಿದರು. “ಎತ್ತಿದ್ರೆ ಮುಸುಕು ತೆಗೆದೋರು ನಾವಾಗ್ತೀವಿ. ಟಿವಿಲಿ ನಮ್ಮನ್ನೇ ಹರಾಜು ಹಾಕ್ತಾರೆ.”

“ಮಾತು ನನ್ನಿಂದ್ಲೇ ಹೊರಗೆ ಹೋಗಿದ್ರೆ?”

“ಹೋಗಿದೆಯಾ?”

“ಹೆಸರು ತಿಳೀದೆ ಹೇಗೆ ಹೇಳ್ಲಿ ಸರ್?”

ಪಿಂಕಮ್ ಹಣೆ ಉಜ್ಜಿಕೊಂಡರು. “ನಂಗೂ ತಲೆಬುಡ ತಿಳೀತಿಲ್ಲ ಕಣಮ್ಮ. ಮೀನುಗಾರಿಕೆ ಸಮಿತಿಗೆ ಹೋಗು.”

ಅವಳು ಹೋದಳು. ಕೆಲವು ವಾರಗಳ ಮೇಲೆ ಬ್ಯಾಕ್ಸ್‌ಲಿ ಟಿವಿಯಲ್ಲಿ ಗುಡುಗಿದರು: ಒಬ್ಬ ನಿರಪರಾಧಿ ಪ್ರಜೆಯ ಮಾನ ಹೋಗಿದೆ, ಹೆಸರು ನೋಡಿದವರು ಉತ್ತರ ಕೊಡಲೇಬೇಕು. ತನ್ನ ಗುಟ್ಟನ್ನೇ ಹೊರಗೆಡವಿದವನ ಪರವಾಗಿ ಗುಡುಗುತ್ತಿದ್ದೇನೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ.

“ಸರಿಯಾಗಿ ಹೇಳಿದ!” ಡ್ವೈಟ್ ತೊಡೆ ತಟ್ಟಿದ. “ಪಾಪ, ತನ್ನ ಪಾಡಿಗೆ ಊಟ ಮಾಡ್ತಿದ್ದೋನು.”

ಬ್ಯಾಕ್ಸ್‌ಲಿ ಊಟದ ಮಾತೆತ್ತಿದ್ದರೇ? ವರ್ನಾ ಎಷ್ಟು ತಡಕಿದರೂ ನೆನಪಾಗಲಿಲ್ಲ. ಕೊನೆಗೆ ತಡೆಯಲಾಗದೆ ಟಿವಿ ಆರಿಸಿದಳು.

“ಡ್ವೈಟ್, ಅದು ನೀನೇನಾ?”

ಅವನ ಮುಖದ ಉತ್ಸಾಹ ಇಳಿಯಿತು. “ಅದನ್ನೇ ನಿನ್ನ ಕೇಳ್ಬೇಕು ಅಂತಿದ್ದೆ. ಓದಿದೋಳು ನೀನಲ್ವಾ?”

“ನಾನು ಹೇಳೋ ಹಾಗಿಲ್ಲ.”

“ಅಂದ್ರೆ ಹೌದಾ?”

“ನಂಗೊತ್ತಿಲ್ಲ.”

“ನಂಗೂ ಗೊತ್ತಿಲ್ಲ ಕಣೆ. ಎಷ್ಟು ಜನರ ಜೊತೆ ಊಟ ಮಾಡಿದೀನಿ, ಏನೇನು ಒದರಿದೀನೋ,” ಎಂದು ಅವನು ಸೋಫಾದಲ್ಲಿ ಅವಳಿಗೆ ಜಾಗ ಮಾಡಿಕೊಟ್ಟ.